ಅಡುಗೆಮನೆ ಬಾಗಿಲಿಗೆ ಬಣ್ಣ

ಕಪ್ಪೆ,

ಕೆಲಸಕ್ಕೆ ಹೊರಟೆ. ಹಾಲು ಕಾಯಿಸಿಟ್ಟಿದ್ದೀನಿ, ಕುಡಿ.

ಒದ್ದೆ ಈಜುಡುಗೆ ಬ್ಯಾಗಲ್ಲೇ ಬಿಟ್ಟು ಮಲಗಿದ್ದೀಯ! ದೇಶ ದೇಶ ಸುತ್ತಿ ಪದಕ ತಂದ್ರೇನು, ಹುಟ್ಟುಗುಣ ಸುಟ್ಟರೂ ಹೋಗಲ್ಲ. ಅದು ನಿನ್ನ ಕೊನೇ ಸ್ಪರ್ಧೇದು ಅಂತ ನೆನಪಾಗಿ, ಬೈಗುಳ ನುಂಗಿಕೊಂಡು ಒಣಹಾಕಿದೆ.

ಬಣ್ಣ ಬಳಿಯೋರು ಬರ್ತಾರೆ. ಅಡುಗೆಮನೆ ಬಾಗಿಲ ಹತ್ತಿರ ನೀನೇ ನಿಂತ್ಕೋ. ನೀನು ಚಿಕ್ಕೋಳಿದ್ದಾಗ ಹೊರಗಿಂದ ಓಡಿ ಬಂದು ಅದಕ್ಕೆ ಎರಡೂ ಅಂಗೈ ಒಟ್ಟಿಗೆ ಬಡೀತಿದ್ದೆ. "ಕಪ್ಪೆ ಈಜಲ್ಲಿ, ಅದೇ ಬ್ರೆಸ್ಟ್‌ಸ್ಟ್ರೋಕಲ್ಲಿ, ಒಂದೇ ಕೈ ಗೋಡೆ ಮುಟ್ಟಿದ್ರೆ ಔಟಮ್ಮಾ" ಅಂತಿದ್ದೆ. ಆ ಕೊಳೆ ಗುರುತನ್ನ ದಿನಾ ಗೊಣಗ್ತಾ ಉಜ್ಜಿ ತೆಗೀತಿದ್ದೆ ನಾನು.

ಮೊದಲ ಸಲ ವಿದೇಶಕ್ಕೆ ಹೊರಟ ದಿನವೂ ಬಡಿದು ಹೋದೆಯಲ್ಲ, ಅದನ್ನ ಮಾತ್ರ ಇವತ್ತಿನವರೆಗೂ ಉಜ್ಜಿಲ್ಲ.

ಆ ಎರಡು ಅಂಗೈಯಷ್ಟು ಜಾಗ ಬಿಟ್ಟು ಬಳೀಲಿ.

ಅಮ್ಮ