ಹೊಳೆಯುವ ಸಾಕೆಟ್

ನವೆಂಬರ್ 18, ಮಂಗಳವಾರ. ಕಾಗ್ವಾಸು.

ಆ ವಿಡಿಯೋದವನ ನಾಲಿಗೆ ಸೇದಿಹೋಗಲಿ. "ಹತ್ತು ವರ್ಷದಿಂದ ನಟ್ಟು ಬಿಚ್ಚೋ ಇಂಪ್ಯಾಕ್ಟ್ ಗನ್ನಿಗೆ ಮಾಮೂಲಿ ಹೊಳೆಯೋ ಸಾಕೆಟ್ಟೇ ಹಾಕ್ತಿದೀನಿ, ಏನೂ ಆಗಿಲ್ಲ. ಕಪ್ಪು ಸಾಕೆಟ್ ಅನ್ನೋದೆಲ್ಲ ಅಂಗಡಿಯವರ ಆಟ" ಅಂತ ಹಲ್ಲು ಕಿರಿದ. ಕೆಳಗೆ ಸಾವಿರ ಜನ ಹೌದು ಹೌದು ಎಂದು ಬರೆದಿದ್ದರು. ನಾನೂ ನಂಬಿದೆ.

ಕ್ರಿಸ್ಪುಲೊ ಭಾವ ಬೆಳಿಗ್ಗೆಯೇ ಹೇಳಿದ್ದರು. ಈ ಟೈರ್ ಅಂಗಡಿಯಲ್ಲಿ ನನಗೆ ಕೆಲಸ ಕಲಿಸಿದವರೇ ಅವರು. "ಲೋ, ಆ ಹೊಳೆಯೋದು ಕೈಯಲ್ಲಿ ತಿರುಗ್ಸೋಕೆ, ಗನ್ನಿಗೆ ಕಪ್ಪುದೇ ಹಾಕ್ಬೇಕು. ಗನ್ನಿನ ಹೊಡೆತಕ್ಕೆ ಗಾಜಿನ ಥರ ಸಿಡಿಯುತ್ತೆ ಕಣೋ."

"ನಿಮ್ಮ ಕಾಲ ಮುಗೀತು ಭಾವ" ಎಂದು ಫೋನನ್ನು ಅವರ ಮೂಗಿಗೆ ಹಿಡಿದೆ. ಥೂ ನನ್ನ ಬಾಯಿಗಿಷ್ಟು.

ಮರದ ದಿಮ್ಮಿ ಹೊತ್ತ ಲಾರಿ, ತುಕ್ಕು ಹಿಡಿದ ನಟ್ಟು. ಗನ್ ಒತ್ತಿದೆ, ಸಾಕೆಟ್ ಸಿಡಿಯಿತು. ಚೂರು ಬಡಿದದ್ದು ನನಗಲ್ಲ, ಪಕ್ಕದಲ್ಲಿ ಕೂತಿದ್ದ ಭಾವನಿಗೆ. ಕಣ್ಣಿನ ಕೆಳಗೆ ನಾಲ್ಕು ಹೊಲಿಗೆ. ಬೆರಳಗಲ ಮೇಲೆ ತಗುಲಿದ್ದರೆ ಕಣ್ಣೇ ಹೋಗುತ್ತಿತ್ತು.

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ.

ಸಂಜೆ ಎಂದಿನಂತೆ ಒಣಗಿಸಿ ಪುಡಿ ಮಾಡಿದ ಎಲೆಯ ಮೇಲೆ ಐಸ್ ನೀರು ಸುರಿದು, ತೆರೆರೆ ಎಂಬ ಆ ತಣ್ಣನೆ ಕಷಾಯದ ಕೊಂಬಿನ ಲೋಟವನ್ನು ಅವರಿಗೆ ಕೊಟ್ಟೆ. ಕುಡಿದವರು ಸುಮ್ಮನೆ ಲೋಟ ಹಿಂದಿರುಗಿಸಬೇಕು, ಸುರಿಯುವವನು ಮತ್ತೆ ತುಂಬಿ ಕೊಡಬೇಕು. ಥ್ಯಾಂಕ್ಸ್ ಅಂದರೆ ಇನ್ನು ನನಗೆ ಬೇಡ ಎಂದರ್ಥ. ಜೊತೆಗೆ ದುಡಿದ ಹನ್ನೊಂದು ವರ್ಷದಲ್ಲಿ ಜಗ್ಗು ಖಾಲಿಯಾಗುವ ಮುಂಚೆ ಭಾವ ಆ ಮಾತು ಆಡಿದವರೇ ಅಲ್ಲ.

ಇವತ್ತು ಮೊದಲ ಲೋಟ ಕುಡಿದೇ ಅದನ್ನು ನನ್ನ ಕೈಗಿಟ್ಟು, "ಥ್ಯಾಂಕ್ಸ್ ಕಣಪ್ಪ" ಅಂದರು.

ಜಗ್ಗಿನಲ್ಲಿ ಐಸ್ ಇನ್ನೂ ಕರಗಿರಲಿಲ್ಲ.