ಒಂದು ಸುತ್ತು ಹೆಚ್ಚು

ಶನಿವಾರ, ಜೂನ್ ೧೪

ಎಷ್ಟು ತೊಳೆದರೂ ಕೈಯಿಂದ ಎಣ್ಣೆ ವಾಸನೆ ಹೋಗಿಲ್ಲ, ಸಿಟ್ಟೂ ಇಳಿದಿಲ್ಲ.

ಕಾರಿನಡಿ ಕಲೆ ಕಂಡಾಗ ಇವರು ಎಸಿ ನೀರು ಅಂದರು. ಎಸಿ ನೀರು ಎಲ್ಲಾದರೂ ಕೆಂಪಗಿರುತ್ತದೆಯೇ? ಮುಟ್ಟಿದರೆ ಜಿಡ್ಡು. ಗೇರ್‌ಬಾಕ್ಸ್ ಎಣ್ಣೆಯೇ. ಇವತ್ತು ಕಾರನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಅಡಿಯೆಲ್ಲ ಒರೆಸಿ, ರಟ್ಟು ಹಾಸಿ ಕಾದೆ. ಗೇರ್‌ಬಾಕ್ಸಿನ ಕೆಳತಟ್ಟೆಯ ಅಂಚಿನಿಂದ ಹನಿ ಇಳಿಯಿತು. ಬಿಚ್ಚಿ ನೋಡಿದರೆ ಎಣ್ಣೆ ಸೋರದಂತೆ ಒಳಗೆ ಕೂರಿಸುವ ಗ್ಯಾಸ್ಕೆಟ್ ಪಟ್ಟಿ ಅತಿ ಬಿಗಿತಕ್ಕೆ ಹಿಂಡಿದ ನಿಂಬೆ ಸಿಪ್ಪೆಯ ಹಾಗೆ ನಜ್ಜುಗುಜ್ಜಾಗಿದೆ.

ಹೋದ ತಿಂಗಳು ಎಣ್ಣೆ ಬದಲಿಸಿ, ಬೋಲ್ಟುಗಳನ್ನು ಹದವಾಗಿ ಬಿಗಿದವಳು ನಾನೇ. ನಾನು ಒಳಗೆ ಹೋದ ಮೇಲೆ ಭಾವ ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಎಲ್ಲವನ್ನೂ ಇನ್ನೊಂದು ಸುತ್ತು ತಿರುವಿದ್ದರಂತೆ. "ಹೆಂಗಸರ ಕೈ ಅಲ್ವಾ, ಸಡಿಲ ಇರುತ್ತೆ ಅಂದ ಅಣ್ಣ." ಇವತ್ತು ಇವರು ಬಾಯಿಬಿಟ್ಟರು, ಅದೂ ನಗುನಗುತ್ತಾ. ಮೈ ಉರಿದುಹೋಯಿತು.

ಹೊಸ ಗ್ಯಾಸ್ಕೆಟ್ ಕೂರಿಸಿ, ಎದುರುಬದುರು ಬೋಲ್ಟುಗಳನ್ನು ಸ್ವಲ್ಪಸ್ವಲ್ಪವೇ ಬಿಗಿದು, ಎಣ್ಣೆ ತುಂಬಿಸಿ, ಒಂದು ಸುತ್ತು ಓಡಿಸಿ ಬಂದೆ. ಹೊಸ ರಟ್ಟಿನ ಮೇಲೆ ಒಂದು ಹನಿಯೂ ಇಲ್ಲ.

ಸಂಜೆ ಭಾವ ಬಂದವರು ಬಗ್ಗಿ ನೋಡಿದರು. "ಅವತ್ತು ನಾನು ಬಿಗಿ ಮಾಡಿದ್ನಲ್ಲ, ಈಗ ಸರಿಯಾಗಿ ಕೂತಿದೆ ನೋಡಮ್ಮ."

ಭಾವನನ್ನು ಬಿಡು, ಅವರ ಸ್ವಭಾವವೇ ಅಷ್ಟು. ಆದರೆ ಬೆಳಗಿನಿಂದ ನನ್ನ ಪಕ್ಕದಲ್ಲೇ ಟಾರ್ಚ್ ಹಿಡಿದು ಕೂತು, ಆ ಹರಿದ ಗ್ಯಾಸ್ಕೆಟ್ಟನ್ನು ಕಣ್ಣಾರೆ ಕಂಡ ಮನುಷ್ಯ ಇವರು. "ಹೌದಣ್ಣ" ಅಂದರು!

ಈಗ ಮಂಚದಿಂದ, "ದೀಪ ಆರಿಸೇ, ನಿದ್ದೆ ಬರ್ತಿದೆ" ಅನ್ನುತ್ತಿದ್ದಾರೆ.

ಆರಿಸುವುದಿಲ್ಲ.