ಅಟ್ಟದ ಮೇಲಿನ ಹಸಿರು ಪುಡಿ

ಜೂನ್ 5, ಬೆಳಿಗ್ಗೆ
ವಾಕಿಂಗ್ ಇಲ್ಲ. ಮೂರನೇ ಕೀಮೋ ಆಗಿ ಎರಡು ದಿನ. ಗಂಜಿಗೂ ಕಬ್ಬಿಣದ ರುಚಿ. ಹೆಂಡತಿ ಸಾವಿತ್ರಿಯ ತಮ್ಮ ನಂದೀಶ ಲಕ್ಷ್ಮೇಶ್ವರದಿಂದ ಬಂದ. ಸಿಮೆಂಟ್ ಅಂಗಡಿಯ ಜೊತೆಗೆ ಈಗ ಯಾವುದೋ ಕಂಪನಿಯ ಏಜೆಂಟ್. ಒಂದು ಡಬ್ಬಿ ಹಸಿರು ಪುಡಿ ತಂದಿದ್ದ. ಮೇಲೆ ದಪ್ಪಕ್ಷರದಲ್ಲಿ ‘ಕ್ಯಾನ್ಸರ್ ಗಡ್ಡೆ ಕರಗಿಸುತ್ತದೆ’. ಕೆಳಗೆ ಇರುವೆಯಂಥ ಅಕ್ಷರದಲ್ಲಿ ‘ಇದು ಔಷಧವಲ್ಲ’. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನ ಮನೆಗೆ ಇಂಥದ್ದು. ಮುಕ್ಕಾಲು ಗಂಟೆ ಪಾಠ ಮಾಡಿದೆ. ನಂದೀಶ ಎರಡು ಸಲ ಆಕಳಿಸಿದ. ವಾಪಸ್ ಕೊಟ್ಟರಾಯಿತೆಂದು ಸಾವಿತ್ರಿ ಡಬ್ಬಿಯನ್ನು ಅಟ್ಟಕ್ಕೆ ಹಾಕಿದಳು.

ಜೂನ್ 8
ಸಾವಿತ್ರಿ ಮಾರ್ಕೆಟ್ಟಿಗೆ. ಸ್ಟೂಲ್ ಹತ್ತಿದೆ — ಪುಡಿಯಲ್ಲಿ ಏನೇನಿದೆ ಎಂದು ಓದಲು ಮಾತ್ರ. ಹದಿನೇಳು ಗಿಡಮೂಲಿಕೆ, ಎಷ್ಟೆಷ್ಟು ಎಂದು ಎಲ್ಲೂ ಇಲ್ಲ. ಮೂಸಿದೆ. ಮಳೆಗಾಲದ ದನದ ಕೊಟ್ಟಿಗೆ. ಒಂದು ಚಮಚ ನಾಲಿಗೆಯ ಮೇಲೆ… ಪರೀಕ್ಷೆಗಾಗಿ.

ಜೂನ್ 9
ಪರೀಕ್ಷೆ ಎಂದರೆ ಒಂದೇ ಸಲಕ್ಕೆ ಮುಗಿಯುವುದಿಲ್ಲ. ಎರಡು ಚಮಚ.

ಜೂನ್ 14
ಬೆಟಗೇರಿಯಿಂದ ಹಳೆಯ ವಿದ್ಯಾರ್ಥಿ ಮಾಶಾಕ ಬಂದಿದ್ದ. ಅವನ ಅತ್ತೆಗೆ ಯಾರೋ ಇಂಥದ್ದೇ ಪುಡಿ ಹೇಳಿದ್ದಾರಂತೆ, ಕೊಡಬಹುದೇ ಎಂದ. ಬೇಡವೇ ಬೇಡ ಎಂದೆ. ಲಿವರ್, ಕಿಡ್ನಿ ಎಲ್ಲದರ ಪಾಠವೂ ಆಯಿತು. ಹೊರಡುವಾಗ, “ಸರ, ಪಾಲಕ ಉಂಡೀರೇನ್ರಿ? ಹಲ್ಲಿಗೆ ಹತ್ತೈತಿ,” ಎಂದ. ಹೌದೆಂದೆ.

ಜೂನ್ 20
ಡಬ್ಬಿ ಅರ್ಧ. ತಗ್ಗಿದ್ದು ಕಾಣಬಾರದೆಂದು ಒಣ ಕರಿಬೇವು ಪುಡಿ ಮಾಡಿ ಸೇರಿಸಿದೆ. ಸ್ಟೂಲಿನಿಂದ ಇಳಿಯುವಾಗ ಮೊಣಕಾಲು ತರಚಿತು. ಯಾಕೆ ತಿನ್ನುತ್ತಿದ್ದೇನೆ — ಬರೆಯಲಾರೆ. ನೂರರಲ್ಲಿ ಒಂದು ಪಾಲು ನಿಜವಿದ್ದರೂ…

ಜೂನ್ 24, ಸಂಜೆ
ಹುಬ್ಬಳ್ಳಿಯ ಆಸ್ಪತ್ರೆಗೆ ಹೋಗಿದ್ದು ವ್ಯರ್ಥ. ನಾಲ್ಕನೇ ಕೀಮೋ ಕೊಡಲಿಲ್ಲ. ರಕ್ತದ ರಿಪೋರ್ಟಿನಲ್ಲಿ ಲಿವರಿನ ಅಂಕಿ ನಾಲ್ಕು ಪಟ್ಟು. ಬೇರೇನಾದರೂ ತೆಗೆದುಕೊಳ್ಳುತ್ತಿದ್ದೀರಾ ಎಂದು ಡಾಕ್ಟರ್ ಮೇಡಂ ಕೇಳಿದರು. ಇಲ್ಲ ಎಂದೆ. ವಿಜ್ಞಾನ ಮಾಸ್ತರ ಎಂದೂ ಸೇರಿಸಿದೆ. ಅವರು ಸಾವಿತ್ರಿಯತ್ತ ತಿರುಗಿದರು. ಮನೆಯವರು ರೋಗಿಗೆ ಗೊತ್ತಾಗದಂತೆ ಊಟದಲ್ಲಿ ಏನೇನೋ ಕಲಸಿ ಕೊಡುತ್ತಾರೆ, ಅದು ಜೀವಕ್ಕೇ ಕುತ್ತು ಎಂದು ಚೆನ್ನಾಗಿ ಬೈದರು. ತಾನೇನೂ ಕೊಟ್ಟಿಲ್ಲ ಎಂದಳು. ಮೇಡಂ ನಂಬಿದಂತೆ ಕಾಣಲಿಲ್ಲ. ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದೆ. ಗದಗ ಬರುವವರೆಗೂ ಸಾವಿತ್ರಿಯ ಮುಖ ಬಸ್ಸಿನ ಕಿಟಕಿಯ ಕಡೆಗೇ.

ಜೂನ್ 25
ಸಾವಿತ್ರಿ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಇಳಿಸಿ ಒಂದೊಂದನ್ನೇ ಮೂಸುತ್ತಿದ್ದಳು. ಅರಿಶಿನ ಚೆಲ್ಲಿದಳು. ಗುರೆಳ್ಳು ಚಟ್ನಿ ಚೆಲ್ಲಿದಳು. ತನ್ನ ಅಡುಗೆಯಲ್ಲೇ ಏನೋ ತಪ್ಪಿದೆ ಎಂದುಕೊಂಡಿದ್ದಾಳೆ. ನೋಡಲಾಗಲಿಲ್ಲ. ಅಟ್ಟದಿಂದ ಡಬ್ಬಿ ಇಳಿಸಿ ಮುಂದಿಟ್ಟೆ. ನಾನೇ ತಿಂದೆ ಎಂದೆ. ಆಕೆ ಡಬ್ಬಿ ನೋಡಿದಳು. ನನ್ನ ಮೊಣಕಾಲು ನೋಡಿದಳು.
“ನೀವು ತಿಂದು ನನಗ ಬೈಸಿದ್ರಿ,” ಎಂದಳು. ಅಷ್ಟೇ.

ಜೂನ್ 28
ಬಡಿಸುತ್ತಾಳೆ. ತನ್ನ ತಟ್ಟೆ ತೆಗೆದುಕೊಂಡು ಹಿತ್ತಿಲಿಗೆ ಹೋಗುತ್ತಾಳೆ.

ಜುಲೈ 1
ಅಕ್ಕ ಫೋನಿನಲ್ಲಿ ಬೈದಳೆಂದು ನಂದೀಶ ಓಡಿ ಬಂದ. ನೀನೂ ಇದನ್ನು ತಿನ್ನುತ್ತೀಯಾ ಎಂದು ಕೇಳಿದೆ. “ಇಲ್ರಿ ಮಾವಾ, ನನಗ ಹೊಟ್ಟಿ ತಡಿಯೂದಿಲ್ಲ,” ಎಂದ. ಸಾವಿತ್ರಿ ಮುಖ ತಿರುಗಿಸಿಕೊಂಡಳು — ನಗುತ್ತಿದ್ದಳು ಎಂದು ನನ್ನ ಅನುಮಾನ. ಕೊಂಡವರ ಮನೆಮನೆಗೆ ಹೋಗಿ ನಿಲ್ಲಿಸಿರೆಂದು ಹೇಳಿ ಬರುವವರೆಗೆ ಈ ಹೊಸ್ತಿಲು ದಾಟಬೇಡ ಎಂದಳು. ಡಬ್ಬಿ ಮಾತ್ರ ಕೊಡಲಿಲ್ಲ, ಡಾಕ್ಟರಿಗೆ ತೋರಿಸಬೇಕಂತೆ. ನಾನು ಮಾಶಾಕನಿಗೆ ಫೋನ್ ಮಾಡಿ ಅದು ಪಾಲಕ ಅಲ್ಲವೆಂದು ಹೇಳಿದೆ.

ಜುಲೈ 8, ಹುಬ್ಬಳ್ಳಿ
ಅಂಕಿ ಇಳಿದಿದೆ. ಡಬ್ಬಿಯನ್ನು ಮೇಡಂ ಮೇಜಿನ ಮೇಲಿಟ್ಟೆ. ಅಂದು ಬೈಸಿಕೊಳ್ಳಬೇಕಾದವನು ನಾನು ಎಂದೆ. ಇಷ್ಟು ಓದಿದವರು ಯಾಕೆ ಹೀಗೆ ಮಾಡಿದಿರಿ ಎಂದರು. ಸಾವಿತ್ರಿ ಹೇಳಿದಳು: “ಅಂಜ್ಯಾರ್ರಿ ಮೇಡಂ. ಮಾಸ್ತರ ಆದ್ರ ಏನಾತ್ರಿ, ಅಂಜಿಕಿ ಬಿಡತೈತೇನು?”
ಮದುವೆಯಾಗಿ ಮೂವತ್ತೆಂಟು ವರ್ಷ. ನನಗೆ ಅಂಜಿಕೆ ಎಂದು ನಾನು ಆಕೆಗೆ ಒಮ್ಮೆಯೂ ಹೇಳಿರಲಿಲ್ಲ.

ಅದೇ ದಿನ, 12.20
ನಾಲ್ಕನೇ ಕೀಮೋ ಇವತ್ತೇ. ಎಡಗೈಯಲ್ಲಿ ನರ ಸಿಗುತ್ತಿಲ್ಲ. ನರ್ಸ್ ಬರೆಯುತ್ತಿರುವ ಬಲಗೈ ಕೇಳುತ್ತಿದ್ದಾರೆ. ಈ ಸಾಲು ಮುಗಿಸುತ್ತೇನೆ ಎಂದೆ. ಸಾವಿತ್ರಿ ಪೆನ್ನಿಗೆ ಕೈ ಹಾಕಿದ—